ಮುಚ್ಚಿದ ಮನೆಯ ಊದುಬತ್ತಿ

“ಇನ್ನು ಏನನ್ನು ಬಿಡಬೇಕು, ಬುದ್ಧಿ?”

ಸರ್ವಮಂಗಳಾದೇವಿಯವರ ಪ್ರಶ್ನೆ ಇಷ್ಟೇ. ಆದರೆ ಅದನ್ನು ಕೇಳುವ ಮೊದಲು ಅವರು ತಮ್ಮ ಮನೆತನದ ವಿಷಯ ಹೇಳಿ ಮುಗಿಸಿದ್ದರು. ಮಠದ ಗುರುಗಳಿಗೆ ಅದೆಲ್ಲ ಗೊತ್ತಿತ್ತು. ಕೇಳುವವರಿಗೆ ಗೊತ್ತಿದೆ ಎಂಬ ಕಾರಣಕ್ಕೆ ಕ್ರಮ ತಪ್ಪಿಸುವವರಲ್ಲ ಸರ್ವಮಂಗಳಾದೇವಿ. ಮಠದ ದಾಸೋಹದ ಮನೆಗೆ ಕಲ್ಲುಚಪ್ಪಡಿ ಹಾಸಿಸಿದ್ದು ಅವರ ಮುತ್ತಜ್ಜ. ಊರಿಗೆ ಹೆರಿಗೆ ಆಸ್ಪತ್ರೆ ಬಂದಾಗ ಜಾಗ ಬಿಟ್ಟುಕೊಟ್ಟದ್ದು ಅಜ್ಜ. ತಂದೆ ಮುನ್ಸೀಫರಾಗಿದ್ದರು, ಅವರ ತೀರ್ಪನ್ನು ಮೇಲಿನ ಕೋರ್ಟು ಒಮ್ಮೆಯೂ ತಿರುಗಿಸಲಿಲ್ಲ ಎಂಬುದು ಮನೆಯ ಹೆಮ್ಮೆ. ಸ್ವತಃ ಅವರು ಕಾನ್ವೆಂಟಿನಲ್ಲಿ ಸನ್ಯಾಸಿನಿಯರ ಕೈಕೆಳಗೆ ಓದಿದವರು. ಬೆನ್ನು ನೆಟ್ಟಗಿಟ್ಟು ಕೂರುವುದು, ಬಾಯಿ ಮುಚ್ಚಿ ಅಗಿಯುವುದು, ಕೇಳುವುದನ್ನು ಒಂದೇ ವಾಕ್ಯದಲ್ಲಿ ಕೇಳುವುದು, ಇವು ಅಲ್ಲಿ ಕಲಿತದ್ದು.

ಗುರುಗಳು, “ಈಗಾಗಲೇ ಏನೇನು ಬಿಟ್ಟಿದ್ದೀರಿ, ತಾಯಿ?” ಎಂದರು.

ಈ ಪ್ರಶ್ನೆಗೆ ಸರ್ವಮಂಗಳಾದೇವಿ ಸಿದ್ಧರಾಗಿಯೇ ಬಂದಿದ್ದರು.

“ಎಣ್ಣೆ ಬಿಟ್ಟೆ, ಸಕ್ಕರೆ ಬಿಟ್ಟೆ. ನವಣೆ ಅನ್ನ, ಬೇಯಿಸಿದ ತರಕಾರಿ, ಅಷ್ಟೇ. ಮದುವೆಗೆ ಹೋದರೆ ಅಕ್ಷತೆ ಹಾಕಿ ಬರುತ್ತೇನೆ, ಪಂಕ್ತಿಗೆ ಕೂರುವುದಿಲ್ಲ. ಟೀವಿ ತೆಗೆಸಿದೆ. ಫೋನು ಮಾತಾಡುವುದಕ್ಕೆ ಮಾತ್ರ. ಪತ್ರಿಕೆಯಲ್ಲಿ ಕೊಲೆ ದರೋಡೆಯ ಪುಟ ತೆರೆಯುವುದಿಲ್ಲ. ಯಾತ್ರೆಗೆ ಹೋಗುತ್ತಿದ್ದೆ, ಅದನ್ನೂ ನಿಲ್ಲಿಸಿದೆ. ದೇವರನ್ನು ನೋಡುವುದಕ್ಕಿಂತ ಫೋಟೋ ತೆಗೆಯುವುದೇ ಹೆಚ್ಚಾಗಿದೆ ಅಲ್ಲಿ. ಒಳಗೆ ಬರುವುದನ್ನೆಲ್ಲ ಸೋಸಿಯೇ ಬಿಟ್ಟುಕೊಳ್ಳುತ್ತೇನೆ. ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಮೆಚ್ಚಿದರು. ಆದರೂ ಸಂಜೆಯಾದರೆ ಎದೆಯ ಮೇಲೆ ಏನೋ ಬಂದು ಕೂತ ಹಾಗಾಗುತ್ತದೆ, ಬುದ್ಧಿ.”

“ಸಂಜೆ ಹೊತ್ತು ಮನೆಗೆ ಯಾರು ಬರುತ್ತಾರೆ?”

“ಯಾರೂ ಇಲ್ಲ. ತಂಗಿ ಬರುತ್ತಿದ್ದಳು, ನೀಲಾಂಬಿಕೆ.”

ಮುಂದಿನದನ್ನು, ಇದೂ ತಾವು ಬಿಟ್ಟ ಪದಾರ್ಥಗಳಲ್ಲಿ ಒಂದು ಎನ್ನುವ ಹಾಗೆ ಹೇಳಿದರು.

“ಸೋಮವಾರ ಬಂತೆಂದರೆ ಡಬ್ಬಿ ಹಿಡಿದು ಬರುತ್ತಿದ್ದಳು. ಕರಿದ ತಿಂಡಿ. ಅದರ ಜೊತೆಗೆ ಬೀದಿಯ ಸುದ್ದಿಯೆಲ್ಲ. ಫೋನು ಮುಖದ ಮುಂದೆ ಹಿಡಿದು, ‘ಅಕ್ಕಾ, ಈ ನಾಯಿ ನೋಡೇ, ಹೇಗೆ ಛತ್ರಿ ಹಿಡಿದು ನಡೀತಿದೆ’ ಅನ್ನುವಳು. ಎಷ್ಟು ದಿನ ಅಂತ ಸಹಿಸುವುದು? ಒಂದು ದಿನ ಗೇಟಿನಲ್ಲೇ ನಿಲ್ಲಿಸಿದೆ. ನೀನು ತರುವುದೆಲ್ಲ ಕಸ, ಅದನ್ನು ಹೊರಗೆ ಸುರಿದು ಒಳಗೆ ಬಾ ಅಂದೆ. ಎದುರು ಮನೆಯವರು ನಿಂತಿದ್ದರು. ಅವರ ಮುಂದೆ ನನಗೆ ಏನಂದಳು ಗೊತ್ತೆ? ‘ನಿನ್ನ ಮನೆ ಆಸ್ಪತ್ರೆ ಆಗಿಬಿಟ್ಟಿದೆ ಕಣೇ ಅಕ್ಕಾ. ರೋಗಿಯನ್ನೂ ಒಳಗೆ ಬಿಡದ ಆಸ್ಪತ್ರೆ.’ ಅವರು ನಕ್ಕರು. ಇವಳು ಡಬ್ಬಿ ಎತ್ತಿಕೊಂಡು ಹೊರಟುಹೋದಳು. ತಪ್ಪಾಯಿತು ಅಂತ ಬಂದು ಹೇಳಲಿ, ಗೇಟು ತೆಗೆಯುತ್ತೇನೆ. ಅದಿರಲಿ ಬುದ್ಧಿ. ನನ್ನ ಪ್ರಶ್ನೆಗೆ ಬನ್ನಿ.”

“ಬರುತ್ತೇನೆ” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಊದುಬತ್ತಿ ಮಾಡುವ ಮನೆಯೊಂದಿತ್ತು. ಆ ಮನೆಯ ಬತ್ತಿ ಎಂದರೆ ಸುತ್ತಲಿನ ಊರುಗಳಲ್ಲಿ ಜನ ಹೆಸರು ಹೇಳಿಯೇ ಕೊಳ್ಳುತ್ತಿದ್ದರು. ಮನೆಯ ಯಜಮಾನಿ ಮದುವೆಯಾದವಳಲ್ಲ. ತಂದೆಯಿಂದ ಕಸುಬು ಕಲಿತಿದ್ದಳು. ಗಂಧದ ಪುಡಿ, ಲಾವಂಚ, ಹಾಲುಮಡ್ಡಿಯ ಅಂಟು, ಜೇನು, ಯಾವುದು ಎಷ್ಟು ಎಂದು ತೀರ್ಮಾನಿಸುತ್ತಿದ್ದದ್ದು ಅವಳ ಮೂಗು. ಕಲಸಿದ ಮಸಾಲೆಯನ್ನು ಕಡ್ಡಿಗೆ ಹೊಸೆಯುತ್ತಿದ್ದವಳು ಅವಳ ನಾದಿನಿ, ತೀರಿಹೋದ ತಮ್ಮನ ಹೆಂಡತಿ. ಹಿತ್ತಿಲ ಜಗುಲಿಯಲ್ಲಿ ಮಣೆ ಮುಂದಿಟ್ಟುಕೊಂಡು ಹೊಸೆಯುತ್ತ, ಎಲೆ ಅಡಿಕೆ ಜಗಿಯುತ್ತ, ಹೋಗುವವರನ್ನೂ ಬರುವವರನ್ನೂ ಮಾತಾಡಿಸುತ್ತಿದ್ದಳು.

ಕಸುಬಿನ ಆಧಾರವೇ ಮೂಗು. ಅದನ್ನು ಯಜಮಾನಿ ಕಣ್ಣಿನ ಹಾಗೆ ಕಾಯುತ್ತಿದ್ದಳು. ಮೊದಲು ಬೆಳ್ಳುಳ್ಳಿ ಬಿಟ್ಟಳು. ತಂದೆಯೂ ಬಿಟ್ಟಿದ್ದ. ಆಮೇಲೆ ಈರುಳ್ಳಿ. ಆಮೇಲೆ ಕಾಫಿ. ಅದರಿಂದ ಮೂಗು ಚುರುಕಾಯಿತು ಎನ್ನಿಸಿತು. ಹಾಗಾಗಿ ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದಳು. ಅನ್ನ, ಉಪ್ಪು, ಬೇಯಿಸಿದ ಹೆಸರುಬೇಳೆ. ಮದುವೆ ಮನೆಯಲ್ಲಿ ಹೂವಿನ ವಾಸನೆ, ಅಡುಗೆಯ ವಾಸನೆ ಕಲಸಿಹೋಗಿರುತ್ತದೆ. ಅಲ್ಲಿಗೆ ಹೋಗುವುದನ್ನು ಬಿಟ್ಟಳು. ಮನಸ್ಸು ಕದಡಿದರೆ ಮೂಗೂ ಕದಡುತ್ತದೆ ಎಂದು ತಂದೆ ಹೇಳಿದ್ದು ನೆನಪಿಗೆ ಬಂತು. ಊರ ಸುದ್ದಿ ಕೇಳುವುದನ್ನು ಬಿಟ್ಟಳು. ಹಾಡು ಕೇಳುವುದನ್ನು ಬಿಟ್ಟಳು. ಬೀದಿಯ ಕಡೆಯ ಕಿಟಕಿಗಳನ್ನು ಮುಚ್ಚಿದಳು. ಧೂಳು ಸಂದಿಯಿಂದಲೂ ಬರುತ್ತದೆ ಎಂದು ಸಂದಿಗಳಿಗೆ ಬಟ್ಟೆ ತುರುಕಿಸಿದಳು.

“ಅತ್ತಿಗೇ, ಗಾಳಿ ಏನು ಪಾಪ ಮಾಡಿತ್ತು? ಅದಕ್ಕೂ ಬಹಿಷ್ಕಾರ ಹಾಕಿಬಿಟ್ಟಿರಲ್ಲ” ಎಂದು ನಾದಿನಿ ನಗುತ್ತಿದ್ದಳು. ಯಜಮಾನಿ ನಗುತ್ತಿರಲಿಲ್ಲ.

ಆ ಕಸುಬಿನವರಲ್ಲಿ ಒಂದು ರೂಢಿ ಇದೆ. ನಾಲ್ಕಾರು ವಾಸನೆ ನೋಡಿದರೆ ಮೂಗು ದಣಿಯುತ್ತದೆ. ಆಮೇಲೆ ಎಲ್ಲವೂ ಒಂದೇ ಎನ್ನಿಸುತ್ತದೆ. ಆಗ ಅವರು ತಮ್ಮ ಸೆರಗನ್ನೋ ಹೆಗಲ ವಲ್ಲಿಯನ್ನೋ ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆಯುತ್ತಾರೆ. ತನ್ನ ಬಟ್ಟೆಯ ವಾಸನೆ ತನಗೆ ತಿಳಿಯುವುದಿಲ್ಲ. ಒರೆಸಿದ ಹಲಗೆಯಂತೆ ಮೂಗು ಮತ್ತೆ ಖಾಲಿಯಾಗುತ್ತದೆ. ಯಜಮಾನಿಯೂ ಹಾಗೆಯೇ ಮಾಡುತ್ತಿದ್ದಳು. ಗಂಧ ಮೂಸುವಳು, ಸೆರಗು ಹಿಡಿಯುವಳು. ಲಾವಂಚ ಮೂಸುವಳು, ಸೆರಗು ಹಿಡಿಯುವಳು.

ಒಂದು ಹಬ್ಬದ ಮುಂಚೆ ಕಳಿಸಿದ ಬತ್ತಿಯನ್ನು ಸಗಟು ವ್ಯಾಪಾರಿ ಹಿಂದಕ್ಕೆ ತಂದ. “ಅಮ್ಮಾ, ಬೇಜಾರು ಮಾಡಿಕೋಬೇಡಿ. ಇದು ಹಳೇ ಪೆಟ್ಟಿಗೆ ವಾಸನೆ ಹೊಡೀತದೆ” ಎಂದ.

ಯಜಮಾನಿ ಒಂದು ಕಡ್ಡಿ ಹಚ್ಚಿ ನೋಡಿದಳು. ಸೆರಗು ಹಿಡಿದು ಮತ್ತೊಂದು ಹಚ್ಚಿದಳು. ಗಂಧ ಗಂಧವಾಗಿತ್ತು, ಲಾವಂಚ ಲಾವಂಚವಾಗಿತ್ತು. ತನ್ನ ಮೂಗು ತಪ್ಪುವುದಿಲ್ಲ. ವ್ಯಾಪಾರಿಗೆ ಸುಳ್ಳು ಹೇಳುವ ಅಗತ್ಯವಿಲ್ಲ. ಹಾಗಾದರೆ ತನ್ನ ಕೈ ಬಿಟ್ಟ ಮೇಲೆ ಏನೋ ಸೇರಿದೆ. ತನ್ನ ಕೈ ಬಿಟ್ಟ ಮೇಲೆ ಮಸಾಲೆ ಹೋಗುವುದು ನಾದಿನಿಯ ಕೈಗೆ.

ಅವಳು ಹಿತ್ತಿಲಿಗೆ ಹೋಗಿ, “ನಿನ್ನ ಎಲೆ ಅಡಿಕೆಯ ಕೈಯಿಂದ ಮನೆಯ ಹೆಸರು ಕೆಟ್ಟಿತು. ಕ್ಷಮೆ ಕೇಳು, ಇಲ್ಲವೇ ಹೊರಡು” ಎಂದಳು.

“ಸರಿಯಾಗಿಯೇ ಹೇಳಿದಳು” ಎಂದರು ಸರ್ವಮಂಗಳಾದೇವಿ. ಗುರುಗಳು ತಲೆಯಾಡಿಸಿ ಮುಂದುವರಿಸಿದರು.

ನಾದಿನಿ ಎದ್ದು ನಿಂತಳು. ಎರಡು ಕೈಯನ್ನೂ ಮುಂದೆ ಚಾಚಿದಳು. “ಮೂಸಿ ನೋಡಿ ಹೇಳಿ ಅತ್ತಿಗೆ. ಮಣೆ ಮುಂದೆ ಕೂರೋ ಮೊದಲು ಸೀಗೇಪುಡಿ ಹಾಕಿ ತೊಳೀತೀನಿ. ನೀವೇ ಕಲಿಸಿದ್ದು.”

“ಮೂಸಿದರೆ ನನ್ನ ಮೂಗು ಕೆಡುತ್ತದೆ” ಎಂದಳು ಯಜಮಾನಿ.

ನಾದಿನಿಯ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವಳು ತನ್ನ ಬಟ್ಟೆಯ ಗಂಟು ಕಟ್ಟಿಕೊಂಡು ಹೋದಳು. ದೂರವೇನೂ ಹೋಗಲಿಲ್ಲ. ಎರಡು ಬೀದಿಯಾಚೆ ಒಂದು ಕೋಣೆ ಹಿಡಿದು ಹೂ ಕಟ್ಟಿ ಮಾರತೊಡಗಿದಳು.

ಈಗ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಯಜಮಾನಿ ತಾನೇ ಕಲಸಿದಳು, ತಾನೇ ಹೊಸೆದಳು, ಒಳಗಿನ ಕೋಣೆಯಲ್ಲಿ ತಾನೇ ಒಣಗಿಸಿದಳು. ಒಬ್ಬಳೇ ಕೂತು ಬೇಳೆ ಅನ್ನ ಉಂಡಳು. ಈ ಸಲದ ಬತ್ತಿಯಲ್ಲಿ ಬೇರೆಯವರ ಉಸಿರು ಕೂಡ ಇಲ್ಲ ಎಂದು ತೃಪ್ತಿಪಟ್ಟಳು.

ವ್ಯಾಪಾರಿ ಅದನ್ನೂ ಹಿಂದಕ್ಕೆ ತಂದ. “ಈ ಸಲ ಇನ್ನೂ ಜಾಸ್ತಿ ಅಮ್ಮಾ” ಎಂದ.

ದೂರುವುದಕ್ಕೆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಉಳಿದದ್ದು ಅಂಟು ಒಂದೇ. ಅಂಟು ಕೆಟ್ಟಿರಬೇಕೆಂದು ಯಜಮಾನಿ ಹಾಲುಮಡ್ಡಿ ಮಾರುವವನ ಊರಿಗೆ ತಾನೇ ಹೊರಟಳು. ಎಷ್ಟೋ ಕಾಲದ ಮೇಲೆ ಅವಳು ಊರು ದಾಟಿದ್ದು ಅಂದೇ. ದಾರಿಯಲ್ಲಿ ಮಳೆ ಹಿಡಿಯಿತು. ಅವನ ಮನೆ ಮುಟ್ಟುವಾಗ ಉಟ್ಟ ಸೀರೆಯಿಂದ ನೀರು ಸುರಿಯುತ್ತಿತ್ತು.

ಅವನ ಹೆಂಡತಿ ಊಟಕ್ಕೆ ಕರೆದಳು. ಈರುಳ್ಳಿ ಹುಳಿ ಎಂದು ಯಜಮಾನಿ ಒಪ್ಪಲಿಲ್ಲ. “ಊಟ ಬ್ಯಾಡ ಅಂದ್ರೆ ಬ್ಯಾಡ, ಸೀರೆಯಾದ್ರೂ ಬದಲಾಯಿಸ್ರಮ್ಮ. ಹಳೇದು, ಆದ್ರೆ ಬಿಸಿಲಲ್ಲಿ ಒಣಗಿದ್ದು. ನಡುಗ್ತಾ ಕೂತರೆ ನಮಗೆ ಊಟ ಸೇರ್ತದಾ?” ಎಂದು ಆ ಹೆಂಗಸು ತನ್ನದೊಂದು ಸೀರೆ ತಂದಿಟ್ಟಳು. ಅದಕ್ಕೆ ಒಲೆಯ ಹೊಗೆ, ಒಗ್ಗರಣೆ, ಕೂಸಿನ ಹಾಲು, ಬಿಸಿಲು, ಎಲ್ಲದರ ವಾಸನೆಯೂ ಇತ್ತು. ಯಜಮಾನಿ ಮುಖ ಕಿವುಚಿಕೊಂಡೇ ಉಟ್ಟಳು. ಅಂಟಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಅದೇ ಸೀರೆಯಲ್ಲಿ ಹಿಂತಿರುಗಿದಳು. ಅರ್ಧ ದಾರಿಯವರೆಗೆ, ತನ್ನ ಮೂಗು ಹಾಳಾಯಿತು ಎಂದು ಕೊರಗಿದಳು. ಇನ್ನರ್ಧ ದಾರಿಯಲ್ಲಿ ಆ ವಾಸನೆ ತಿಳಿಯದೇ ಹೋಯಿತು.

ಮನೆಯ ಬೀಗ ತೆಗೆದಳು. ಒಳಗೆ ಕಾಲಿಡಲು ಆಗಲಿಲ್ಲ.

ಇಲಿ ಸತ್ತಿರಬೇಕೆಂದು ಮೊದಲು ಮೂಲೆ ಮೂಲೆ ಹುಡುಕಿದಳು. ಮೂಗು ದಣಿದಾಗ ಅಭ್ಯಾಸದಂತೆ ಸೆರಗು ಹಿಡಿದು ಉಸಿರೆಳೆದಳು. ಆ ಸೆರಗು ಇನ್ನೊಬ್ಬಳದು. ಮತ್ತೆ ಮೂಸಿದಾಗ ನಾತ ಇನ್ನಷ್ಟು ಸ್ಪಷ್ಟವಾಯಿತು. ಅದು ಒಂದು ಮೂಲೆಯಿಂದ ಬರುತ್ತಿರಲಿಲ್ಲ. ಗೋಡೆಯಿಂದ, ಹಾಸಿಗೆಯಿಂದ, ಬತ್ತಿ ಒಣಗಿಸುವ ಚಾಪೆಯಿಂದ ಬರುತ್ತಿತ್ತು. ಪೆಟ್ಟಿಗೆ ತೆರೆದಳು. ತನ್ನ ಸೀರೆಗಳಿಂದಲೇ ಬರುತ್ತಿತ್ತು. ಗಾಳಿ ಕಾಣದ ಮನೆಗೆ ಹಿಡಿಯುವ ಮುಗ್ಗು ಅದು. ಇಷ್ಟು ಕಾಲ ಅವಳು ಎಲ್ಲವನ್ನೂ ಅದರಿಂದಲೇ ಅಳೆದಿದ್ದಳು.

ಯಜಮಾನಿ ಬುದ್ಧಿವಂತೆ. ಸಂದಿಯ ಬಟ್ಟೆ ಕಿತ್ತಳು, ಕಿಟಕಿ ತೆರೆದಳು. ಹಾಸಿಗೆಗಳನ್ನು ಬಿಸಿಲಿಗೆ ಹಾಕಿಸಿದಳು. ಗೋಡೆಗೆ ಸುಣ್ಣ ಹೊಡೆಸಿದಳು. ಅಡುಗೆಗೆ ಒಗ್ಗರಣೆ ಬಂತು. ಮುಂದಿನ ಸಲ ವ್ಯಾಪಾರಿ ಕಡ್ಡಿ ಹಚ್ಚಿ ಕಣ್ಣು ಮುಚ್ಚಿ ನಿಂತ. “ನಿಮ್ಮ ತಂದೆಯವರ ಕಾಲ ನೆನಪಾಯ್ತಮ್ಮಾ” ಎಂದ.

ಅಂದು ಸಂಜೆ ಅವಳು ಆ ಬತ್ತಿಯಲ್ಲಿ ಒಂದನ್ನು ಮನೆಗೆಂದು ಹಚ್ಚಿದಳು. ಪರಿಮಳ ನಡುಮನೆ ತುಂಬಿತು. “ನೋಡೇ” ಎಂದು ಹಿತ್ತಿಲ ಕಡೆ ತಿರುಗಿದಳು. ನಾದಿನಿ ಹೊಸೆಯುತ್ತಿದ್ದ ಮಣೆ ಗೋಡೆಗೆ ಒರಗಿತ್ತು. ಕಡ್ಡಿ ಉರಿದು ಮುಗಿಯುವವರೆಗೆ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಒಬ್ಬಳೇ ಕೂತು ಉಂಡಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಸರ್ವಮಂಗಳಾದೇವಿಗೆ ಕತೆ ತಿಳಿಯಿತು. ಕಾನ್ವೆಂಟಿನಲ್ಲಿ ಪಾಠದ ಸಾರಾಂಶ ಹೇಳುವುದರಲ್ಲಿ ಅವರು ಯಾವಾಗಲೂ ಮೊದಲಿಗರು.

“ಅರ್ಥವಾಯಿತು. ಸೋಸುವುದು ಅತಿಯಾಗಬಾರದು. ಟೀವಿ ಮತ್ತೆ ಇಡಿಸುತ್ತೇನೆ, ಒಂದು ಗಂಟೆ ನೋಡುತ್ತೇನೆ. ವಾರಕ್ಕೊಮ್ಮೆ ಹಪ್ಪಳ ಕರಿಸುತ್ತೇನೆ. ಬೆಳಿಗ್ಗೆ ಪಾರ್ಕಿಗೂ ಹೋಗಬಹುದು.”

ಆದರೂ ಸರ್ವಮಂಗಳಾದೇವಿಗೆ ಕತೆಯಲ್ಲಿ ಒಂದು ಎಳೆ ಕಟ್ಟದೆ ಬಿಟ್ಟುಹೋಗಿದೆ ಎನ್ನಿಸಿತು. ಅಂಥದ್ದನ್ನು ಅವರು ಸಹಿಸುವವರಲ್ಲ.

“ನಾದಿನಿ ತಿರುಗಿ ಬಂದಳೆ, ಬುದ್ಧಿ?”

“ಇಲ್ಲ.”

“ಏಕೆ? ಎರಡು ಬೀದಿಯಾಚೆ ತಾನೆ ಇದ್ದದ್ದು. ಮನೆಯ ವಾಸನೆ ಹೋಯಿತಲ್ಲ.”

“ಯಜಮಾನಿ ಆ ಬೀದಿಗೆ ಹೋಗಲಿಲ್ಲ. ತಪ್ಪು ಗೋಡೆಯದು ಎಂದುಕೊಂಡು ಸುಣ್ಣ ಹೊಡೆಸಿ ಮುಗಿಸಿದಳು.”

ಸರ್ವಮಂಗಳಾದೇವಿಯವರ ಬೆನ್ನು ನೆಟ್ಟಗೇ ಇತ್ತು. ಹೊರಗೆ ಹೆಂಗಸರು ದಾಸೋಹಕ್ಕೆ ಎಲೆ ಹಾಕುತ್ತಿದ್ದರು. ಒಬ್ಬಳು ಇನ್ನೊಬ್ಬಳನ್ನು ಏನೋ ಹೇಳಿ ಕೆಣಕಿದಳು, ಇಬ್ಬರೂ ನಕ್ಕರು. ಆ ನಗು ನಿಲ್ಲುವವರೆಗೆ ಅವರು ಕೇಳುತ್ತ ಕೂತರು. ನೀಲಾಂಬಿಕೆ ಆಡಿದ ಮಾತೂ ಚಿಕ್ಕದಲ್ಲ, ಎದುರು ಮನೆಯವರ ಮುಂದೆ ಆಡಿದ್ದು, ಇದನ್ನು ಗುರುಗಳು ಗಮನಿಸಬೇಕು ಎಂದು ಹೇಳಲು ಬಾಯಿ ತೆರೆದರು.

ಗುರುಗಳು ಅದಕ್ಕೆ ಕಾಯಲಿಲ್ಲ.

“ತಂಗಿಯ ಮನೆಗೆ ಹೋಗಿ ಕ್ಷಮೆ ಕೇಳಿ.”