ಬಣ್ಣ ಕಲಿಸುವ ಗುರುಗಳು

ಹೊಂಗೆ ಎಲೆಯ ಮೇಲೆ ಕೂತು ಕೋಡ್ ಬರೆದು ಬದುಕುತ್ತಿದ್ದ ಹಸಿರು ಮಿಡತೆಗೆ ಗೋಸುಂಬೆ ಗುರುಗಳು ಹೇಳಿದರು: "ಲೋ ಮಿಡತೆ, ಹಸಿರಿನ ಕಾಲ ಮುಗೀತು. ಮಾರ್ಕೆಟ್ಟಲ್ಲಿ ಈಗ ಕೇಳೋದೆಲ್ಲ ಕೆಂಪು. ನನ್ನ ಕೋರ್ಸಿಗೆ ಸೇರಿ ಬಣ್ಣ ಬದಲಾಯಿಸ್ಕೋ, ಇಲ್ಲಾಂದ್ರೆ ಕೆಲಸ ಹೋಯ್ತು ಅನ್ಕೋ."

ಮಿಡತೆಗೆ ಒಳಗೊಳಗೇ ಗುಮಾನಿ. "ಮೊನ್ನೆ ನಿಮ್ಮ ಹತ್ರ ಕಲಿತು ಕೆಂಪಾದ ನಮ್ಮ ಚಿಕ್ಕಪ್ಪ ಎಲ್ಲಿ, ಗುರುಗಳೇ?"

"ಅವನಿಗೆ ಕೆಲಸ ಸಿಕ್ತು," ಎನ್ನುತ್ತ ಗುರುಗಳು ಉದ್ದ ನಾಲಿಗೆಯಿಂದ ತುಟಿ ಸವರಿಕೊಂಡರು.

ಹಸಿರೆಲೆಯಲ್ಲಿ ಹಸಿರಾಗಿಯೇ ಅಡಗಿದ್ದ ಗುರುಗಳನ್ನು ಮಿಡತೆ ಓರೆಗಣ್ಣಲ್ಲಿ ನೋಡಿತು. "ಸೇರ್ತೀನಿ. ಮೊದಲು ನೀವು ಕೆಂಪಾಗಿ ತೋರಿಸಿ."

ಗುರುಗಳು ಜಂಬದಿಂದ ಕೆಂಪಾದರು. ಬೆಳಗಿನಿಂದ ಹಸಿದು ಮೇಲಿನ ಕೊಂಬೆಯಲ್ಲಿ ಕೂತಿದ್ದ ಕಾಗೆಗೆ ಅವರು ಕಂಡದ್ದೇ ಆಗ. ಎಗರಿ ಕಚ್ಚಿಕೊಂಡು ಹಾರಿತು.

ಮಿಡತೆ ಎಲೆಗೆ ಅಂಟಿಕೊಂಡೇ ಹೇಳಿತು: "ಗುರುಗಳಿಗೂ ಕೆಲಸ ಸಿಕ್ತು."