ಆನೆದಾರಿಗೆ ಅಡ್ಡ ಎದ್ದ ಗೋಡೆ

“ಕೇಳಿರಪ್ಪೋ ಕೇಳಿ! ಎಲ್ಲರೂ ಬುತ್ತಿ ಕಟ್ಟಿಕೊಂಡು ಸುತ್ತಾಡುತ್ತಿದ್ದ ಹೊನ್ನೇಕಾಡು ಈಗ ಮಲ್ಲಭೂಪ ಮಹಾರಾಜರೊಬ್ಬರದೇ! ಗೋಡೆ ದಾಟಿದವರಿಗೆ ಸೆರೆ. ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಸೋತವರು ಆನೆಯ ಕಾಲಡಿಗೆ!”

ಡಂಗುರ ಕೇಳಿ ಇಬ್ಬರು ಪಾಳೆಗಾರರ ಮಕ್ಕಳು ಮೀಸೆ ತಿರುವುತ್ತ ಬಂದರು. ಅವರಿಗೆ ದೊರೆಯ ಅಳಿಯನಾಗುವ ಆಸೆ. ಅವರ ಹಿಂದೆ ಬಂದವನು ಚೌಡ, ಆ ಗೋಡೆಗೆ ಕಲ್ಲು ಹೊತ್ತವರಲ್ಲೊಬ್ಬ. ಎಂದಿನ ಹಾಗೆ ಸೀಗೆಕಾಯಿ ತರಲು ಗೋಡೆ ದಾಟಿ ಹೋಗಿ ಅವನ ಅಕ್ಕ ಕೆಂಚವ್ವ ಸೆರೆಯಾಗಿದ್ದಳು. ಅವಳನ್ನು ಬಿಡಿಸಿಕೊಂಡರೆ ಅವನಿಗೆ ಅಷ್ಟೇ ಸಾಕಿತ್ತು.

ಕಾಡಿನಂಚಿನಲ್ಲಿ, ಗೋಡೆಯ ಪಕ್ಕದಲ್ಲೇ, ಆನೆ ಕೂಡಿಹಾಕುವ ಮರದ ದೊಡ್ಡಿ. ಮೂವರನ್ನೂ ಅದರೊಳಗೆ ನೂಕಿ ಬಾಗಿಲು ಇಳಿಸಿದರು. ನಡುವಿನ ಆನೆಬಾಗಿಲಿನಾಚೆಯ ದೊಡ್ಡಿಯಲ್ಲಿ ಒಂದು ಪುಂಡಾನೆ ದಿಮ್ಮಿಗಳಿಗೆ ತಲೆ ಗುದ್ದುತ್ತಿತ್ತು. ಗುದ್ದಿದಾಗಲೆಲ್ಲ ಇವರ ಕಾಲಡಿಯ ನೆಲ ಅದುರುತ್ತಿತ್ತು.

ಅಟ್ಟಣೆಯ ಮೇಲಿಂದ ದೊರೆ ಕೇಳಿದ: “ತುಳಿದಷ್ಟೂ ಬದುಕುತ್ತದೆ, ತುಳಿಯುವುದು ಬಿಟ್ಟರೆ ಸಾಯುತ್ತದೆ. ಏನದು?”

“ತಮ್ಮ ಅರಮನೆಯ ಹೊಸ್ತಿಲು, ಪ್ರಭು!” ಎಂದ ಮೊದಲನೆಯವನು. ಅವನನ್ನು ಆನೆಬಾಗಿಲ ಕಂಬಕ್ಕೆ ಬಿಗಿದರು.

“ಕಾಲುದಾರಿ, ಬುದ್ಧಿ. ಜನ ಓಡಾಡದಿದ್ದರೆ ಹುಲ್ಲು ಮುಚ್ಚಿಬಿಡುತ್ತದೆ,” ಎಂದ ಚೌಡ.

“ಬಯಲಲ್ಲಿ ಬೆನ್ನು ಬಿಡುವುದಿಲ್ಲ, ದಟ್ಟ ಕಾಡಿನಲ್ಲಿ ಕೈಕೊಡುತ್ತದೆ. ಏನದು?”

“ಹೇಡಿಯ ಧೈರ್ಯ!” ಎಂದ ಎರಡನೆಯವನು. ಅವನಿಗೂ ಕಂಬವೇ ಗತಿಯಾಯಿತು.

“ನಮ್ಮ ನೆರಳು, ಬುದ್ಧಿ. ಅಲ್ಲಿ ಮರಗಳ ನೆರಳೇ ಅದನ್ನು ನುಂಗುತ್ತದೆ.”

ಮೂರನೆಯದನ್ನು ಕೇಳುವಾಗ ದೊರೆಯ ದನಿ ಕುಗ್ಗಿತು. “ನನ್ನನ್ನು ಬಿಟ್ಟು ಯಾರೂ ಬೇಟೆಯಾಡುವುದಿಲ್ಲ. ಆದರೂ ನನ್ನ ಕಾಡು ಬರಿದಾಗುತ್ತಿದೆ. ನನ್ನ ಜಿಂಕೆಗಳನ್ನು ಕದ್ದ ಕಳ್ಳ ಯಾರು?” ಪಾಪ, ಇದಕ್ಕೆ ಉತ್ತರ ಅವನಿಗೇ ಗೊತ್ತಿರಲಿಲ್ಲ.

ಚೌಡನಿಗೆ ಗೊತ್ತಿತ್ತು. ಆ ಕಳ್ಳತನದಲ್ಲಿ ಅವನ ಕೈಯೂ ಇತ್ತು.

“ಗೋಡೆ, ಬುದ್ಧಿ,” ಎಂದ. “ಬೇಸಗೆಯಲ್ಲಿ ಪ್ರಾಣಿಗಳು ಹೊಳೆಗೆ ಇಳಿಯುವ ಆನೆದಾರಿಗೇ ಅಡ್ಡ ಕಟ್ಟಿದೆವು. ಕಲ್ಲು ಇಡುವಾಗ ಹೆಜ್ಜೆಗುರುತು ಕಂಡಿದ್ದೆ. ಹೆದರಿ ಬಾಯಿ ಮುಚ್ಚಿಕೊಂಡೆ. ನೀರು ಸಿಗದೆ ಜಿಂಕೆಗಳು ಗೋಡೆ ಬುಡದಲ್ಲೇ ಸಾಯ್ತಾ ಇರಬೇಕು. ಜನ ಓಡಾಡ್ತಾ ಇದ್ದಿದ್ರೆ ಯಾರಾದ್ರೂ ನೋಡಿ ಹೇಳೋರು.”

ದೊರೆ ಕಾವಲಿನವರತ್ತ ತಿರುಗಿ, “ಆನೆಬಾಗಿಲು ಎತ್ತಿ. ಹೊಳೆಕಡೆಯ ಬಾಗಿಲನ್ನೂ ಎತ್ತಿ,” ಎಂದ. “ನಿನ್ನ ಮಾತು ನಿಜವಾದರೆ ಆನೆ ಹೊಳೆಯ ಕಡೆ ಹೋಗುತ್ತದೆ. ಸುಳ್ಳಾದರೆ ನಿನ್ನ ಕಡೆ ಬರುತ್ತದೆ.”

ಚೌಡ ಕಣ್ಣು ಮುಚ್ಚಿದ. ಆನೆಯ ಬಿಸಿಯುಸಿರು ಮುಖಕ್ಕೆ ಬಡಿದು ಮುಂದೆ ಹೋಯಿತು. ಕಣ್ಣು ತೆರೆದಾಗ ಅದು ಹೊಳೆಕಡೆಯ ಬಾಗಿಲು ದಾಟಿ ಗೋಡೆಗೆ ಹಣೆಯೊತ್ತಿ ನಿಂತಿತ್ತು.

“ಗೋಡೆ ಒಡೆಯಿರಿ!” ಎಂದು ದೊರೆ ಕೂಗಿದ. “ನಿನಗೇನು ಬೇಕು, ಕೇಳಪ್ಪ.”

“ಕಂಬದಲ್ಲಿರೋರನ್ನ ಬಿಡಿ, ನಮ್ಮಕ್ಕನ್ನ ಬಿಡಿ. ಕಾಡು ಮೊದಲಿನಂಗೆ ಎಲ್ಲರದೂ ಆಗಲಿ. ಬೇಟೆ ಮಾತ್ರ ಯಾರಿಗೂ ಬೇಡ, ತಮಗೂ.”

ದೊರೆ ಒಪ್ಪಿದ. ಕಾಡಿನ ಕಾವಲನ್ನೂ ಚೌಡನಿಗೇ ವಹಿಸಿದ. ಗೋಡೆಯ ಮೊದಲ ಕಲ್ಲು ಕಿತ್ತವನೂ ಚೌಡನೇ. ಆನೆ ಹೊಳೆಗಿಳಿದ ಮೇಲೆ, ಸೆರೆಯಿಂದ ಬಂದ ಕೆಂಚವ್ವ ಖಾಲಿ ಬುಟ್ಟಿ ಎತ್ತಿಕೊಂಡು, “ಏನೋ ನಿಂತಿದ್ದೀಯ, ಸೀಗೆಕಾಯಿ ತರೋದು ಬೇಡ್ವಾ?” ಎಂದಳು. ಹುಲ್ಲು ಮುಚ್ಚಿದ್ದ ಕಾಲುದಾರಿಯನ್ನು ಇಬ್ಬರೂ ತುಳಿಯುತ್ತ ಹೋದರು. ಅವರ ಹಿಂದೆ ಊರೂ ಬುತ್ತಿ ಕಟ್ಟಿಕೊಂಡು ಹೊರಟಿತು.