ತಳದ ತಗಡು

ಗುಡ್ಡದ ಬುಡದಲ್ಲಿ ಒಂದು ಆಶ್ರಮ. ಅಡವಯ್ಯಜ್ಜ ಅಲ್ಲಿಯ ಗುರುಗಳು, ಮುರಿಗೆಯ್ಯ ಅವರ ಶಿಷ್ಯ.

ಗುಡ್ಡದ ನೆತ್ತಿಯ ಮೇಲೆ ಕುರಿಗಾರರ ದೊಡ್ಡಿ. ಎರಡರ ನಡುವೆ ಸೊಂಟದೆತ್ತರದ ಒಣಹುಲ್ಲು, ಕಲ್ಲು, ಒಂದು ಕಾಲುದಾರಿ.

ಹಿಂದಿನ ಬೇಸಿಗೆಯಲ್ಲಿ ದೊಡ್ಡಿಯ ನೀಲವ್ವನನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಆ ದಾರಿಯಲ್ಲಿ ಇಳಿಸಿದ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೂಸು ಹೋಗಿತ್ತು.

ಸುದ್ದಿ ಕೇಳಿದ ಭಕ್ತರೊಬ್ಬರು ಆಶ್ರಮಕ್ಕೆ ಒಂದು ಎಟಿವಿ ತಂದುಕೊಟ್ಟರು. ಮೋಟಾರ್ ಸೈಕಲ್ಲಿನಂಥ ಹ್ಯಾಂಡಲ್ಲು, ನಾಲ್ಕು ದಪ್ಪ ಗಾಲಿ, ಒಬ್ಬರ ಹಿಂದೆ ಒಬ್ಬರು ಕೂರುವ ಸೀಟು. ಕಲ್ಲುದಾರಿ ಹತ್ತಲೆಂದೇ ಮಾಡಿದ ಗಾಡಿ.

ಈ ಬೇಸಿಗೆಯಲ್ಲಿ ನೀಲವ್ವನಿಗೆ ಮತ್ತೆ ದಿನ ತುಂಬುತ್ತಿತ್ತು.

ಅವಳ ಗಂಡ ಮಾಳಿಂಗನಿಗೆ ಅಜ್ಜ ಮಾತು ಕೊಟ್ಟರು. ನೋವು ಕಾಣಿಸಿದ ಕೂಡಲೇ ಫೋನು ಮಾಡು, ಗಾಡಿ ಬರುತ್ತದೆ.

ಆಮೇಲೆ ಕೀಲಿಯನ್ನು ಮುರಿಗೆಯ್ಯನ ಕೈಗೆ ಹಾಕಿದರು.

ಮುರಿಗೆಯ್ಯ ಆಶ್ರಮದ ಉಗ್ರಾಣ ನೋಡಿಕೊಳ್ಳುವವನು. ನೆಲದಡಿ ಜೋಳ ತುಂಬಿಡುವ ಹಗೇವು ಅವನ ಹೊಣೆ. ಅದರ ಬಾಯಿಗೆ ಕಲ್ಲು ಮುಚ್ಚಿ ಸಂದುಸಂದಿಗೂ ಮಣ್ಣು ಮೆತ್ತಿದನೆಂದರೆ ಇರುವೆಗೂ ದಾರಿ ಇರುತ್ತಿರಲಿಲ್ಲ. ಅವನು ಮುಚ್ಚಿದ ಹಗೇವಿನಲ್ಲಿ ಹುಳ ಬಿದ್ದ ಸುದ್ದಿಯೇ ಇಲ್ಲ.

ಕೀಲಿ ಕೈಗೆ ಬಂದ ದಿನ ಅವನು ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ನೋಡಿದ. ಎಂಜಿನ್ನಿನ ಹೊಟ್ಟೆ, ಎಣ್ಣೆಯ ಕೊಳವೆ, ಗಾಲಿಯ ಕಡೆಗೆ ಹೋಗುವ ರಬ್ಬರಿನ ಚೀಲಗಳು. ಎಲ್ಲ ಬರಿಮೈ. ಒಂದು ಚೂಪುಗಲ್ಲು ಸಾಕು ಅನ್ನಿಸಿತು.

ನೀಲವ್ವ ಹಿಂದೆ ಕೂತಿದ್ದಾಳೆ, ನಡುದಾರಿಯಲ್ಲಿ ಎಣ್ಣೆ ಸೋರಿ ಗಾಡಿ ನಿಂತಿದೆ. ಅದೇ ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಕಟ್ಟಿತು. ಅಂದು ಅವನಿಗೆ ಊಟ ಸೇರಲಿಲ್ಲ.

ಮರುದಿನ ಪೇಟೆಗೆ ಹೋದ. ಮುಂದಕ್ಕೆ ಕಬ್ಬಿಣದ ಬಂಪರ್ ತಂದ. ಮುಳ್ಳುಕಂಟಿ ಬೆರಳಿಗೆ ಬಡಿಯದಂತೆ ಹ್ಯಾಂಡಲ್ಲಿನ ಎರಡೂ ಕಡೆ ಕವಚ ಹಾಕಿದ. ರೇಡಿಯೇಟರಿಗೆ ಜಾಳಿಗೆ ಬಂತು. ಟೈರುಗಳು ತೆಳುವೆಂದು ಬದಲಾದವು.

ಪ್ರತಿಯೊಂದನ್ನೂ ಅಜ್ಜ ಬಂದು ನೋಡಿದರು, ಮುಟ್ಟಿದರು. ಬೇಡ ಎಂದು ಒಂದಕ್ಕೂ ಹೇಳಲಿಲ್ಲ. ದಾರಿ ಒಮ್ಮೆ ಹತ್ತಿಸಿ ನೋಡು ಎಂದಷ್ಟೇ ಹೇಳುತ್ತಿದ್ದರು. ಇನ್ನೊಂದು ಸಾಮಾನು ಬರುವುದಿದೆ, ಅದು ಬಂದಮೇಲೆ ಎಂದು ಮುರಿಗೆಯ್ಯ ಮುಂದೂಡುತ್ತಿದ್ದ. ಆಶ್ರಮದ ಹೊಲದಲ್ಲಿ ಓಡಿಸಿಯೇ ಅವನು ಗಾಡಿ ಕಲಿತ. ಗುಡ್ಡಕ್ಕೆ ಹೋದರೆ ಗೀರು ಬಿದ್ದೀತೆಂಬ ದಿಗಿಲು.

ಒಂದು ದಿನ ಬಂಪರಿನ ಮೇಲೆ ವಿಂಚ್ ಕೂತಿತು. ಉದ್ದದ ಹಗ್ಗವನ್ನು ಮೋಟರಿನಿಂದ ಸುತ್ತುವ ಯಂತ್ರ.

"ಇದು ಯಾಕೋ?" ಅಂದರು ಅಜ್ಜ.

"ಗಾಡಿ ಎಲ್ಲರೆ ಸಿಕ್ಕಿಬಿದ್ರ, ಹಗ್ಗಾ ಮರಕ್ಕ ಕಟ್ಟಿ ಎಳಕೊಂಡು ಮ್ಯಾಲ ಬರಬಹುದ್ರಿ."

ಅಜ್ಜ ಗುಡ್ಡದ ಕಡೆ ತಿರುಗಿ ಬಹಳ ಹೊತ್ತು ಹುಡುಕಿದರು.

"ಮರ ಎಲ್ಲೈತೋ ತಮ್ಮಾ?"

ಹುಲ್ಲು, ಕಲ್ಲು, ಕುರುಚಲು ಕಂಟಿ ಬಿಟ್ಟರೆ ಆ ಗುಡ್ಡದಲ್ಲಿ ಏನೂ ಇರಲಿಲ್ಲ. ಉಳಿದ ಶಿಷ್ಯರು ನಕ್ಕರು. ಮುರಿಗೆಯ್ಯ ನಗಲಿಲ್ಲ. ಸಂಜೆಯೊಳಗೆ ಕಮ್ಮಾರನಲ್ಲಿಗೆ ಹೋಗಿ ಮೊಳಕ್ಕಿಂತ ಉದ್ದದ ಗೂಟ ಬಡಿಸಿಕೊಂಡು ಬಂದ. ಮರವಿಲ್ಲದ ಕಡೆ ನೆಲಕ್ಕೆ ಹೊಡೆಯಲು.

ಇನ್ನೊಂದು ದಿನ ಅಜ್ಜ ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. ಹೊಲದ ಸುತ್ತ ಒಂದು ಸುತ್ತು ಬಾ ಎಂದು ಕೈ ಮಾಡಿದರು. ಬದುವಿನ ಮೇಲೆ ಗಾಡಿ ಹಾರಿದಾಗ ಅವರು ಮುರಿಗೆಯ್ಯನ ಅಂಗಿಯನ್ನೇ ಹಿಡಿದುಕೊಂಡರು. ಅಂಗಿ ಪರ್ರನೆ ಹರಿಯಿತು.

ಇಳಿದ ಮೇಲೆ ಅಜ್ಜ ಎರಡೂ ಖಾಲಿ ಅಂಗೈಗಳನ್ನು ಅವನ ಮುಂದೆ ಚಾಚಿದರು.

ಆಗ ಅವನಿಗೆ ತಿಳಿಯಿತು. ಗಾಡಿಗೆ ಇಷ್ಟೆಲ್ಲ ಆಯಿತು. ಹಿಂದೆ ಕೂತವಳು ಹಿಡಿದುಕೊಳ್ಳಲು ಏನೂ ಇಲ್ಲ. ಮರುದಿನ ಹಿಂದಿನ ಸೀಟಿಗೆ ಹಿಡಿಕೆ ಬಂತು, ಬೆನ್ನಿಗೆ ಆನಿಕೆ ಬಂತು. ಭಯ ಮಾತ್ರ ಕಡಿಮೆಯಾಗಲಿಲ್ಲ. ಇದನ್ನು ಮರೆತಿದ್ದೆನಲ್ಲ, ಇನ್ನೇನು ಮರೆತಿರಬಹುದು ಎಂದು ಅದು ಬೆಳೆಯಿತು.

ಕೊನೆಗೆ ಬಂದದ್ದು ತಳದ ತಗಡು. ಎಂಜಿನ್ನಿನ ಹೊಟ್ಟೆಯಡಿ ಉದ್ದಕ್ಕೂ ಬಿಗಿಯುವ ದಪ್ಪ ಅಲ್ಯೂಮಿನಿಯಂ ಹಲಗೆ. ಮುರಿಗೆಯ್ಯ ದಿನಾ ಕಾಯುತ್ತಿದ್ದುದು ಇದಕ್ಕೇ. ಪೆಟ್ಟಿಗೆ ಬಿಚ್ಚಿ ನೋಡಿದರೆ ಅದರ ತುಂಬ ತೂತು.

ಮಾಡಿದವರ ಜಿಪುಣತನ ಅನ್ನಿಸಿತು ಅವನಿಗೆ. ತೂತು ಬಿಟ್ಟರೆ ಮುಳ್ಳು ಬರುತ್ತದೆ, ಹರಳು ಬರುತ್ತದೆ. ತಾನು ಯಾವ ಹಗೇವಿಗೂ ತೂತು ಬಿಟ್ಟವನಲ್ಲ. ಅವನು ತೆಳು ತಗಡನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಒಂದೊಂದೇ ತೂತಿನ ಮೇಲೆ ಇಟ್ಟು, ರಿವೆಟ್ ಹೊಡೆದು, ಅಂಚಿಗೆ ಅಂಟು ಮೆತ್ತತೊಡಗಿದ.

ಅಜ್ಜ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಮುರಿಗ್ಯಾ, ಹಗೇವಿನ ಬಾಯಿ ತೆಗೆದ ಕೂಡ್ಲೆ ಒಳಗ ಯಾಕ ಇಳಿಯಂಗಿಲ್ಲ?"

"ಗಾಳಿ ಕೆಟ್ಟಿರತೈತ್ರಿ ಅಜ್ಜಾರ. ಇಳಿದಾಂವ ಸಾಯ್ತಾನ."

"ಆ ಗಾಳಿ ಹೊರಗಿಂದ ಹೊಕ್ಕಿದ್ದೇನು?"

"ಇಲ್ಲರಿ. ಒಳಗ ಆದದ್ದು."

ಅಜ್ಜ ಇನ್ನೂ ಸ್ವಲ್ಪ ಹೊತ್ತು ಕೂತರು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟ ಸಮಾಧಾನದಲ್ಲಿ ಮುರಿಗೆಯ್ಯ ಮುಂದಿನ ರಿವೆಟ್ಟಿಗೆ ಸುತ್ತಿಗೆ ಎತ್ತಿದ.

ತಗಡು ಬಿಗಿದು ಇನ್ನೂ ಕೈ ತೊಳೆದಿರಲಿಲ್ಲ, ಮಾಳಿಂಗನ ಫೋನು ಬಂತು. ನೋವು ಶುರುವಾಗಿದೆ.

ಮುರಿಗೆಯ್ಯ ಮತ್ತೆ ಸ್ಪ್ಯಾನರು ಎತ್ತಿಕೊಂಡ. ಇನ್ನೊಮ್ಮೆ ಎಲ್ಲ ಬೋಲ್ಟು ನೋಡುತ್ತೇನೆ ಎಂದ. ಅಜ್ಜ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಹತ್ತುವಾಗ ನಾನು ಬರುತ್ತೇನೆ, ಇಳಿಯುವಾಗ ಈ ಜಾಗ ನೀಲವ್ವನದು, ನಾನು ನಡೆದು ಬರುತ್ತೇನೆ ಎಂದರು. ಆಸ್ಪತ್ರೆಯ ಗಾಡಿಯನ್ನು ಬುಡಕ್ಕೆ ಕರೆಸಲು ಉಳಿದವರಿಗೆ ಹೇಳಿದ್ದೂ ಆಗಿತ್ತು.

ಬಿಸಿಲು ನೆತ್ತಿಗೆ ಬಂದಿತ್ತು. ಗಾಡಿ ಹುಲ್ಲು ಸೀಳಿಕೊಂಡು ನಿಧಾನ ಹತ್ತಿತು. ಒಂದೊಂದು ಕಲ್ಲಿಗೂ ಮುರಿಗೆಯ್ಯ ಉಸಿರು ಹಿಡಿದ. ತಳಕ್ಕೆ ಏನೋ ತಗುಲಿ ಟಣ್ ಎಂದಾಗಲೆಲ್ಲ ಬಗ್ಗಿ ಕೆಳಗೆ ನೋಡಿದ. ಆದರೆ ಗಾಡಿ ನಿಲ್ಲಲಿಲ್ಲ. ಅರ್ಧ ದಾರಿ ಬರುವ ಹೊತ್ತಿಗೆ, ತಗಡು ಕಾಯುತ್ತಿದೆ ಎಂಬ ಧೈರ್ಯ ತುಸು ಬಂತು.

ಆಗ ಸುಟ್ಟ ವಾಸನೆ ಬಂತು.

"ನಿಲ್ಲಸು," ಅಂದರು ಅಜ್ಜ.

ತಗಡಿಗೆ ಮೆತ್ತಿದ ಅಂಟು ಕಾದಿರಬೇಕು ಎಂದ ಮುರಿಗೆಯ್ಯ. ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಎತ್ತುವುದು ಕಷ್ಟ. ಮೇಲೆ ಅವಳು ನರಳುತ್ತಿದ್ದಾಳೆ.

ಅಜ್ಜ ಹಿಂದಿನಿಂದ ಕೈ ಚಾಚಿ ಕೀಲಿ ತಿರುಗಿಸಿಬಿಟ್ಟರು.

ಸದ್ದು ನಿಂತಾಗ ಹೊಗೆ ಕಂಡಿತು. ಅವನ ಎರಡು ಮೊಣಕಾಲುಗಳ ನಡುವಿನಿಂದ, ಎಂಜಿನ್ನಿನ ಸಂದಿನಿಂದ, ತೆಳ್ಳಗೆ ಏಳುತ್ತಿತ್ತು.

ಮುರಿಗೆಯ್ಯ ಜಿಗಿದು ಕೆಳಗೆ ಬಗ್ಗಿದ. ಏನೂ ಕಾಣಲಿಲ್ಲ. ಕಾಣದ ಹಾಗೆ ಅವನೇ ಮುಚ್ಚಿದ್ದ. ದಾರಿಯುದ್ದಕ್ಕೂ ಮೇಲಿಂದ, ಬದಿಯಿಂದ ಹೊಕ್ಕ ಒಣಹುಲ್ಲೆಲ್ಲ ಉದುರಲು ಜಾಗವಿಲ್ಲದೆ ತಗಡಿನ ಮೇಲೆ ಒಟ್ಟಾಗಿ, ಸೈಲೆನ್ಸರಿನ ಕೊಳವೆಗೆ ತಾಗಿ ಹೊಗೆಯಾಡುತ್ತಿತ್ತು.

ಗಾಡಿಗೆ ಕಟ್ಟಿದ್ದ ಬಿಂದಿಗೆಯಿಂದ ಅವನು ಅರ್ಧ ನೀರನ್ನು ಕೆಳಗಿನಿಂದ ಎರಚಿದ. ತಗಡು ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಎರಚಿದ್ದೆಲ್ಲ ಅವನ ಮುಖಕ್ಕೇ ವಾಪಸು ಬಂತು.

ಮೇಲೆ ಪೆಟ್ರೋಲಿನ ಟ್ಯಾಂಕು. ಸುತ್ತ ಹುಲ್ಲು. ಹುಲ್ಲಿನ ಆಚೆ ದೊಡ್ಡಿ. ಮುರಿಗೆಯ್ಯನ ಕೈ ಸ್ಪ್ಯಾನರಿಗೆ ಹೋಯಿತು, ಬೋಲ್ಟು ಬಿಚ್ಚಬೇಕೆಂದು. ಅವಸರದಲ್ಲಿ ಸ್ಪ್ಯಾನರು ಕೈಜಾರಿ ಹುಲ್ಲಿನಲ್ಲಿ ಬಿದ್ದು ಕಳೆಯಿತು.

ಸ್ವಲ್ಪ ಮುಂದೆ ಬರಿ ಬಂಡೆಯ ಹಾಸು ಇತ್ತು. ಅಜ್ಜ ಹೆಗಲು ಕೊಟ್ಟರು, ಮುರಿಗೆಯ್ಯನೂ ಕೊಟ್ಟ. ಗಾಡಿಯನ್ನು ಅಲ್ಲಿಗೆ ತಳ್ಳಿದರು. ಅಜ್ಜ ಗಾಡಿಯ ಹಿಂದೆ ಕಟ್ಟಿದ್ದ ಕಬ್ಬಿಣದ ಗೂಟ ಎಳೆದುಕೊಂಡು, ಬಂಡೆಯ ಮೇಲೆ ಮಲಗಿ, ತಗಡಿನ ಒಂದು ಬಿಲ್ಲೆಗೆ ಅದರ ಮೊನೆ ಇಟ್ಟು ಕಲ್ಲಿನಿಂದ ಗುದ್ದಿದರು. ಇನ್ನೊಮ್ಮೆ ಗುದ್ದಿದರು. ಬಿಲ್ಲೆ ಕಿತ್ತುಬಂತು.

ಕೆಂಡ ಹಿಡಿದ ಹುಲ್ಲಿನ ಗೂಡು ಬಂಡೆಯ ಮೇಲೆ ಬಿತ್ತು. ಉಳಿದ ನೀರು ಅದಕ್ಕೆ ಸಾಕಾಯಿತು.

ಒಂದು ವೈರಿನ ಸಿಪ್ಪೆ ಸುಟ್ಟಿತ್ತು, ಅಷ್ಟೇ. ಆದರೂ ಮುರಿಗೆಯ್ಯ ಕೂತಲ್ಲಿಂದ ಏಳಲಿಲ್ಲ. ಈ ಗಾಡಿಯಲ್ಲಿ ಅವಳನ್ನು ಕೂರಿಸಲಾರೆ ಎಂದ. ಜೋಲಿಯೇ ವಾಸಿ ಎಂದ. ಆಮೇಲೆ ತಲೆ ಎತ್ತಿ ಕೇಳಿದ.

"ನಿಮಗ ಮೊದಲ ಗೊತ್ತಿತ್ತೇನ್ರಿ ಅಜ್ಜಾರ?"

"ಹೊಗಿ ಏಳತೈತಿ ಅಂತ ಗೊತ್ತಿರಲಿಲ್ಲ. ನೀ ನಿಲ್ಲಸಂಗಿಲ್ಲ ಅಂತ ಗೊತ್ತಿತ್ತು. ಏಳು, ಆಕಿ ಕಾಯಾಕತ್ತಾಳ."

ಕೀಲಿ ತಿರುಗಿಸಿದ. ಎಂಜಿನ್ನು ಎದ್ದಿತು.

ದೊಡ್ಡಿಯ ಬಾಗಿಲಲ್ಲಿ ಮಾಳಿಂಗ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡೇ ನಿಂತಿದ್ದ. ಗಾಡಿ ಬರುತ್ತದೆಂದು ಅವನು ಪೂರ್ತಿ ನಂಬಿರಲಿಲ್ಲ. ನೀಲವ್ವ ಯಾರ ಮುಖವನ್ನೂ ನೋಡದೆ ಬಂದು ಹಿಂದೆ ಕೂತಳು. ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ಈ ಸಲ ಇದು ಉಳಿಯಬೇಕು ಎಂದು ಮಾತ್ರ ಹೇಳಿದಳು. ಅದನ್ನು ಹೇಳಿದ್ದು ಯಾರಿಗೆ ಎಂದು ಮುರಿಗೆಯ್ಯನಿಗೆ ತಿಳಿಯಲಿಲ್ಲ.

ಮಾಳಿಂಗನೂ ಅಜ್ಜನೂ ಕಾಲುನಡಿಗೆಯಲ್ಲಿ ಹಿಂದೆ ಉಳಿದರು.

ಇಳಿಯುವಾಗ ಮುರಿಗೆಯ್ಯ ಅಲ್ಲಲ್ಲಿ ಗಾಡಿ ನಿಲ್ಲಿಸಿದ. ಇಳಿದು, ಕೆಳಗೆ ತೂರಿ, ಬಿಲ್ಲೆ ಕಿತ್ತ ತೂತಿನಲ್ಲಿ ಕಡ್ಡಿ ಆಡಿಸಿ ಹುಲ್ಲು ಎಳೆದ. ಕಡ್ಡಿ ಮುರಿದರೆ ಬೇರೆ ಕಡ್ಡಿ ಹುಡುಕಿದ. ಮತ್ತೆ ಹತ್ತಿದ. ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲಿಸಿದ.

ನೀಲವ್ವ ಹಲ್ಲು ಕಚ್ಚಿ ಸಹಿಸಿದಳು. ಕೊನೆಗೆ ಅವಳಿಂದ ಆಗಲಿಲ್ಲ.

"ಸ್ವಾಮೇರ, ನೀವು ಹಿಂಗ ಕೀಳಾಕತ್ತರ ನನಗಿಂತ ಮೊದಲ ನಿಮ್ಮ ಗಾಡೀನ ಹಡೀತೈತಿ. ನಡೀರಿನ್ನ."

ಮುರಿಗೆಯ್ಯ ಕಡ್ಡಿ ಎಸೆದು ಹ್ಯಾಂಡಲ್ಲು ಹಿಡಿದ. ಆದರೂ ವಾಸನೆ ಬಂದಂತಾದಾಗ ನಿಲ್ಲಿಸಿಯೇ ನಿಲ್ಲಿಸಿದ. ಅವಳು ಬೈದಳು. ಅವನು ಬೈಸಿಕೊಂಡ.

ಬುಡದಲ್ಲಿ ಆಸ್ಪತ್ರೆಯ ಗಾಡಿ ಬಾಗಿಲು ತೆರೆದು ಕಾದಿತ್ತು.

ಸುದ್ದಿ ಬರುವವರೆಗೆ ಮುರಿಗೆಯ್ಯ ಆಶ್ರಮದ ಬೇಲಿಯ ಹತ್ತಿರದಿಂದ ಕದಲಲಿಲ್ಲ. ಸಂಜೆ ಹೊತ್ತಿಗೆ ಆಸ್ಪತ್ರೆಯಿಂದ ಮಾಳಿಂಗ ಫೋನು ಮಾಡಿದ. ಹೆಣ್ಣು ಕೂಸು. ಅತ್ತ ಅಳು ಕೇಳುತ್ತಿತ್ತು. ಅದು ಕೂಸಿನದೋ ಮಾಳಿಂಗನದೋ ಎಂದು ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ಬಂದು ನೋಡಿದರೆ ಅಂಗಳದಲ್ಲಿ ಕಬ್ಬಿಣದ ರಾಶಿ. ಬಂಪರ್ ಬಿಚ್ಚಿತ್ತು, ವಿಂಚ್ ಬಿಚ್ಚಿತ್ತು, ಜಾಳಿಗೆ ಬಿಚ್ಚಿತ್ತು. ಮುರಿಗೆಯ್ಯ ಗಾಡಿಯ ಕೆಳಗೆ ಮಲಗಿ ತಳದ ತಗಡಿನ ಬೋಲ್ಟಿಗೆ ಕೈ ಹಾಕಿದ್ದ.

ಕಾಯಲೆಂದು ಹಾಕಿದ್ದೇ ಸುಡಲು ಬಂತು, ಇನ್ನು ಇದರ ಮೈಮೇಲೆ ಏನೂ ಬೇಡ ಎಂದ ಅವನು, ಅಲ್ಲಿಂದಲೇ.

ಅಜ್ಜ ಶಲ್ಯ ಮಡಚಿ ತಲೆಯಡಿ ಇಟ್ಟುಕೊಂಡು ಅವನ ಪಕ್ಕದಲ್ಲೇ ಅಂಗಾತ ಮಲಗಿದರು. ಗುರು ಶಿಷ್ಯ ಇಬ್ಬರೂ ಗಾಡಿಯ ಹೊಟ್ಟೆಯನ್ನು ನೋಡಿದರು.

ತಗಡಿನ ನಡುವೆ ಒಂದು ತಗ್ಗು ಬಿದ್ದಿತ್ತು. ಮುಷ್ಟಿ ಕೂರುವಷ್ಟು ಆಳ. ಸರಿಯಾಗಿ ಎಣ್ಣೆಯ ಕೊಳವೆಯ ಕೆಳಗೆ.

"ಇದು ಯಾವಾಗ ಬಿತ್ತು?"

ಮುರಿಗೆಯ್ಯ ನೆನೆಸಿದ. ಬಂಡೆಯ ಮೇಲೆ ಬಿಲ್ಲೆ ಕೀಳುವಾಗ ತಗಡು ಅಲ್ಲಿ ಸಪಾಟಾಗಿತ್ತು. ಅವನೇ ಕಣ್ಣಾರೆ ನೋಡಿದ್ದ.

"ಇಳಿಯೂವಾಗ ಬಿದ್ದಿರಬೇಕ್ರಿ."

"ನಿನಗ ಗೊತ್ತಾಗಲಿಲ್ಲ?"

"ಇಲ್ಲರಿ."

"ನೀಲವ್ವಗ?"

"ಆಕಿಗೂ ಇಲ್ಲರಿ."

ಮುರಿಗೆಯ್ಯ ಆ ತಗ್ಗಿನ ಮೇಲೆ ಬೆರಳು ಆಡಿಸಿದ. ಬೋಲ್ಟಿನ ಮೇಲಿದ್ದ ಕೈಯನ್ನು ತೆಗೆದ. ತನ್ನ ಸ್ವಭಾವದಂತೆಯೇ, ಅಳತೆ ಕೇಳಿದ.

"ಅಜ್ಜಾರ, ತೂತು ಸಣ್ಣದಾದ್ರ ಹುಲ್ಲು ನಿಲ್ಲತೈತಿ. ದೊಡ್ಡದಾದ್ರ ಕಲ್ಲು ಬರತೈತಿ. ಬಿಲ್ಲೆ ಎಲ್ಲಾ ಕಿತ್ತು, ಎಷ್ಟು ದೊಡ್ಡದು ಕೊರಸಲಿ?"

ಅಜ್ಜ ಹೇಳಿದರು:

"ನಿನ್ನ ಕೈ ಒಳಗ ಹೋಗೂವಷ್ಟು."